ನಾಯಿಯ ಬಟ್ಟಲಿಗೆ ಬಿಸ್ಕತ್ತು ಬಂದ ಬಗೆ

ಊರಿನ ನಮ್ಮ ಮನೆಯಲ್ಲಿ ನಾಯಿಗೆಂದು ಬೇರೆ ಅಡುಗೆ ಇರಲಿಲ್ಲ. ಮುದ್ದೆ ಪಾತ್ರೆಯ ಸೀಕು, ಮಿಕ್ಕ ಅನ್ನ, ಒಂದಿಷ್ಟು ಮಜ್ಜಿಗೆ, ಹಬ್ಬದ ಮಾರನೆಯ ದಿನ ಮೂಳೆ. ಈಗ ಪುಣೆಯ ಅಂಗಡಿಯೊಂದರಲ್ಲಿ ಹತ್ತು ಕಿಲೋ ಚೀಲಗಳ ಗೋಡೆಯ ಮುಂದೆ ನಿಂತು ಅರ್ಧ ಗಂಟೆ ಬರೀ ಓದುತ್ತೇನೆ. ನಮ್ಮ ಹೆಣ್ಣುನಾಯಿಗೆ ಹನ್ನೊಂದು ವರ್ಷ. ರಕ್ತಪರೀಕ್ಷೆಯ ವರದಿ ನೋಡಿದ ಡಾಕ್ಟರು, ಕಿಡ್ನಿ ಸೋಲುತ್ತಿದೆ, ಆಹಾರ ಬದಲಿಸಿ ಎಂದಿದ್ದಾರೆ. ಹಾಗಾಗಿ ಈ ಚೀಲ ಎಲ್ಲಿಂದ ಬಂತು ಎನ್ನುವುದು ನನಗೆ ಬರೀ ಕುತೂಹಲದ ಪ್ರಶ್ನೆಯಲ್ಲ.

ನಾಯಿಗೆ ಏನು ಹಾಕಬೇಕು ಎಂದು ಬರೆದಿಟ್ಟವರು ಹಿಂದೆಯೂ ಇದ್ದರು. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಕೃಷಿ ಬರಹಗಾರ ಕೊಲುಮೆಲ್ಲಾ ಹೇಳಿದ್ದು ಬಾರ್ಲಿ ಹಿಟ್ಟು ಮತ್ತು ಹಾಲು ಒಡೆದ ನೀರು. ನಮ್ಮ ಮುದ್ದೆ–ಮಜ್ಜಿಗೆಗೆ ಅದೇನೂ ದೂರದ ನೆಂಟನಲ್ಲ.

ಮಾರುವ ಆಹಾರ ಶುರುವಾದದ್ದು ಲಂಡನ್ನಿನಲ್ಲಿ, 1860ರ ಸುಮಾರಿಗೆ. ಅಮೆರಿಕದ ಜೇಮ್ಸ್ ಸ್ಪ್ರಾಟ್ ಅಲ್ಲಿಗೆ ಹೋಗಿದ್ದು ಸಿಡಿಲು ತಡೆಯುವ ಸರಳು ಮಾರಲು. ಹಡಗುಕಟ್ಟೆಯಲ್ಲಿ ನಾವಿಕರು ಎಸೆದ ಗಟ್ಟಿ ಬಿಸ್ಕತ್ತನ್ನು ನಾಯಿಗಳು ಕಡಿಯುವುದನ್ನು ಕಂಡನಂತೆ. ಗೋಧಿ, ತರಕಾರಿ, ಬೀಟ್‌ರೂಟ್, ಒಣಗಿಸಿದ ದನದ ಮಾಂಸ ಸೇರಿಸಿ ತಟ್ಟಿದ ಅವನ 'ಡಾಗ್ ಕೇಕ್' ಅನ್ನು ಕೊಂಡವರು ಬೇಟೆನಾಯಿ ಸಾಕಿದ ಸಿರಿವಂತರು. ತಮಾಷೆಯೆಂದರೆ ಸರಕಿಗಿಂತ ಜಾಹೀರಾತಿನಲ್ಲೇ ಆ ಕಂಪನಿಯ ಕೈ ಹೆಚ್ಚು ಚುರುಕು. 1889ರ ಜನವರಿಯಲ್ಲಿ ಅಮೆರಿಕನ್ ಕೆನಲ್ ಕ್ಲಬ್ಬಿನ ಪತ್ರಿಕೆ ಹೊರಟಾಗ ಮೊದಲ ಸಂಚಿಕೆಯ ಮುಖಪುಟವನ್ನೇ ಕೊಂಡುಕೊಂಡಿತು. ಅಲ್ಲಿ ನೌಕರಿಗೆ ಸೇರಿದ್ದ ಚಾರ್ಲ್ಸ್ ಕ್ರಫ್ಟ್ ಎಂಬ ಹುಡುಗ ಮುಂದೆ 1891ರಲ್ಲಿ ತನ್ನ ಹೆಸರಿನಲ್ಲೇ ಶ್ವಾನ ಪ್ರದರ್ಶನ ನಡೆಸಿದ. ತಿನಿಸು ಮಾರುವವರೂ ತಳಿಯ ಹಿರಿಮೆ ಸಾರುವವರೂ ಮೊದಲಿನಿಂದಲೂ ಒಂದೇ ಜಗಲಿಯ ಮೇಲೆ ಕೂತವರು.

ಆಮೇಲೆ ಡಬ್ಬಿಗಳ ಕಾಲ. 1922ರಲ್ಲಿ ಅಮೆರಿಕದಲ್ಲಿ ಕುದುರೆ ಮಾಂಸವನ್ನು ಡಬ್ಬಿಗೆ ತುಂಬಿ ಮಾರತೊಡಗಿದರು. ಎರಡನೇ ಮಹಾಯುದ್ಧ ಬಂದು ತವರಕ್ಕೆ ತತ್ವಾರವಾದಾಗ ಡಬ್ಬಿ ನಿಂತಿತು, ಒಣ ಆಹಾರ ಮುಂದೆ ಬಂತು. ಅಂದರೆ ಒಣ ಆಹಾರ ಗೆದ್ದದ್ದು ನಾಯಿಯ ಹೊಟ್ಟೆಗೆ ಒಗ್ಗಿತೆಂದಲ್ಲ, ಡಬ್ಬಿ ಸಿಗಲಿಲ್ಲವೆಂದು.

ಇವತ್ತಿನ ಉಬ್ಬಿದ ಕಾಳು 1950ರ ದಶಕದ್ದು. ಮನುಷ್ಯರ ಬೆಳಗಿನ ತಿಂಡಿಗೆ ಕಾಳು ತಯಾರಿಸುತ್ತಿದ್ದ ಯಂತ್ರವನ್ನೇ ಪ್ಯೂರಿನಾ ಕಂಪನಿ ನಾಯಿಯ ಆಹಾರಕ್ಕೆ ಹಚ್ಚಿತು. ಹಿಟ್ಟು, ಮಾಂಸ, ಕೊಬ್ಬಿನ ಮಿಶ್ರಣವನ್ನು ಹಬೆ ಮತ್ತು ಒತ್ತಡದಲ್ಲಿ ಬೇಯಿಸಿ, ಚಕ್ಕುಲಿ ಒರಳಿನಂತೆ ತೂತಿನಿಂದ ಹೊರದಬ್ಬಿದರೆ ಒತ್ತಡ ತಪ್ಪಿದ ಕೂಡಲೇ ಉಬ್ಬುತ್ತದೆ. ಕತ್ತರಿಸಿ, ಒಣಗಿಸಿ, ಮೇಲೆ ಕೊಬ್ಬು ಸಿಂಪಡಿಸಿದರೆ ಮುಗಿಯಿತು. ಆ ಆಹಾರ 1957ರಲ್ಲಿ ಮಾರುಕಟ್ಟೆಗೆ ಬಂತು. 1964ರ ಹೊತ್ತಿಗೆ ಅಮೆರಿಕದ ತಯಾರಕರ ಸಂಘ, ಮನೆಯ ಮಿಕ್ಕ ಊಟ ನಾಯಿಗೆ ಹಾಕಬೇಡಿ ಎಂದು ಪತ್ರಿಕೆ, ರೇಡಿಯೋಗಳಲ್ಲಿ ಪ್ರಚಾರಕ್ಕಿಳಿಯಿತು. ಹೇಳಿದವರು ಯಾರು ಎಂಬುದನ್ನು ನಾವು ಮರೆತೆವು, ಹೇಳಿದ್ದು ಮಾತ್ರ ಉಳಿಯಿತು.

ಇದೆಲ್ಲ ಬರೀ ವ್ಯಾಪಾರ ಎಂದು ತಳ್ಳಿಹಾಕಲು ನನಗೆ ಅಡ್ಡಬರುವವರು ನ್ಯೂಜೆರ್ಸಿಯ ಪಶುವೈದ್ಯ ಮಾರ್ಕ್ ಮಾರಿಸ್. ಅಂಧರಾದ ಮಾರಿಸ್ ಫ್ರಾಂಕ್ ತಮ್ಮ ದಾರಿತೋರುವ ನಾಯಿ ಬಡ್ಡಿಯನ್ನು ಅವರ ಬಳಿ ತಂದರು. ಅದಕ್ಕೂ ಕಿಡ್ನಿ ರೋಗ. ಪ್ರೋಟೀನ್, ಉಪ್ಪು ಕಡಿಮೆ ಮಾಡಿದ ಆಹಾರವನ್ನು ಮಾರಿಸ್ ತಯಾರಿಸಿದರು. ಹೆಂಡತಿಯ ಜೊತೆ ಗಾಜಿನ ಜಾಡಿಗಳಿಗೆ ತುಂಬಿ ಕಳಿಸಿದರೆ ದಾರಿಯಲ್ಲಿ ಒಡೆದುಹೋಗುತ್ತಿದ್ದವು. ಕೊನೆಗೆ 1948ರಲ್ಲಿ ಕಾನ್ಸಾಸಿನ ಹಿಲ್ ಕಂಪನಿ ಅದನ್ನು ಡಬ್ಬಿಯಲ್ಲಿ ತಯಾರಿಸಲು ಒಪ್ಪಿತು. ನಮ್ಮ ಡಾಕ್ಟರು ಬರೆದುಕೊಟ್ಟ ಚೀಲ ಆ ವಂಶದ್ದು.

ಇನ್ನು ಚೀಲದ ಮೇಲಿನ ಅಂಕಿ. 'ಪ್ರೋಟೀನ್' ಎಂದು ಅಚ್ಚಾಗಿರುವುದು ಪ್ರೋಟೀನನ್ನೇ ಅಳೆದದ್ದಲ್ಲ. ಸಾರಜನಕವನ್ನು ಅಳೆದು ಲೆಕ್ಕ ಹಾಕಿದ್ದು. ಈ ಸಂದಿನಲ್ಲೇ 2007ರ ದುರಂತ ನುಸುಳಿತು. ಚೀನಾದಿಂದ ಬಂದ ಗೋಧಿ ಗ್ಲುಟನ್ನಿಗೆ ಸಾರಜನಕ ಹೆಚ್ಚಿರುವ ಮೆಲಮೈನ್ ಬೆರೆಸಿದ್ದರು. ಅಂಕಿ ಚೆನ್ನಾಗಿತ್ತು, ಉತ್ತರ ಅಮೆರಿಕದ ನಾಯಿ, ಬೆಕ್ಕುಗಳು ಕಿಡ್ನಿ ಕೆಟ್ಟು ಸತ್ತವು. ಮರುವರ್ಷ ಅದೇ ಮೆಲಮೈನ್ ಚೀನಾದಲ್ಲಿ ಹಸುಗೂಸುಗಳ ಹಾಲಿನ ಪುಡಿಯಲ್ಲಿ ಸಿಕ್ಕಿತು.

ಪಟ್ಟಿಯಲ್ಲಿ ಕೋಳಿ ಮೊದಲಿದ್ದರೆ ಹಿಗ್ಗಬೇಕಿಲ್ಲ. ಅದು ಬೇಯಿಸುವ ಮುಂಚಿನ ತೂಕ. ಹಸಿ ಮಾಂಸದಲ್ಲಿ ನೀರೇ ಹೆಚ್ಚು. ಧಾನ್ಯ ಕಂಡು ಹೆದರಬೇಕಿಲ್ಲ. 2013ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಪಿಷ್ಟ ಅರಗಿಸುವ ಜೀನಿನ ಪ್ರತಿಗಳು ತೋಳದಲ್ಲಿ ಎರಡಿದ್ದರೆ, ನಾಯಿಯಲ್ಲಿ ನಾಲ್ಕರಿಂದ ಮೂವತ್ತು. ಮನುಷ್ಯನ ಹಿಟ್ಟಿನ ಜೊತೆಗೇ ಬೆಳೆದ ಪ್ರಾಣಿ ಅದು. ಆರೋಗ್ಯವಾಗಿರುವ ನಾಯಿಯಾಗಿದ್ದರೆ ನಾನು ಅಗ್ಗದ ಚೀಲವನ್ನೂ ಸ್ವಲ್ಪ ಮನೆಯ ಅನ್ನವನ್ನೂ ಹಾಕಿ ನೆಮ್ಮದಿಯಾಗಿರುತ್ತಿದ್ದೆ. ಈಗ ಆ ಧೈರ್ಯವಿಲ್ಲ.

ಡಾಕ್ಟರು ಬರೆದ ಚೀಲವನ್ನೇ ತಂದೆ, ಎರಡು ಕಿಲೋದ್ದು. ಮೊದಲ ದಿನ ಮೂಸಿ, ಅಡುಗೆಮನೆಯ ಕಡೆ ನೋಡುತ್ತ ಕೂತಳು. ಬಿಸಿನೀರು ಹಾಕಿ ನೆನೆಸಿಟ್ಟೆ. ಅರ್ಧ ತಿಂದಳು.