ನೇತ್ರಾಣಿ: ಹರಕೆಯ ಗುಡ್ಡದಿಂದ ಸ್ಕೂಬಾ ತಾಣದವರೆಗೆ

ಮಳೆ ನಿಂತು ಆಕಾಶ ತಿಳಿಯಾದ ದಿನ ನಮ್ಮ ಹೈಸ್ಕೂಲಿನ ಹಿಂದಿನ ದಿಬ್ಬ ಹತ್ತಿ ನಿಂತರೆ, ಪಡುವಣ ಕಡಲಿನಲ್ಲಿ ಒಂದು ಕಪ್ಪು ಗುಡ್ಡ ಕಾಣುತ್ತದೆ. ಅದೇ ನೇತ್ರಾಣಿ. ಕಳೆದ 50 ವರ್ಷಗಳಲ್ಲಿ ಈ ಶಾಲೆಯಲ್ಲಿ ಕಲಿತವರೆಲ್ಲ ಅದನ್ನು ಕಂಡವರೇ. ಆದರೆ ಮೊದಲ ತಂಡದ ಅಣ್ಣಂದಿರು, ಅಕ್ಕಂದಿರು ಕಂಡ ನೇತ್ರಾಣಿಗೂ ಈಗ ಹತ್ತನೇ ತರಗತಿಯಲ್ಲಿ ಕುಳಿತಿರುವ ಮಕ್ಕಳು ಕಾಣುವ ನೇತ್ರಾಣಿಗೂ ಬಹಳ ಅಂತರವಿದೆ. ಅವರಿಗೆ ಅದು ಹರಕೆಯ ಗುಡ್ಡ. ಇವರಿಗೆ ಅದು ಸ್ಕೂಬಾ ಡೈವಿಂಗ್ ನಡೆಯುವ ಜಾಗ. ಗುಡ್ಡ ಇದ್ದಲ್ಲೇ ಇದೆ. ಅಲ್ಲಿಗೆ ಹೋಗುವವರು, ಹೋಗುವ ಕಾರಣ ಎರಡೂ ಬದಲಾಗಿವೆ.

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದು ಕೊಡು ಎಂದು ಗುರುಗಳು ಫೋನ್ ಮಾಡಿದಾಗ ನನಗೆ ಹೊಳೆದದ್ದು ಈ ವಿಷಯ. ನಾನು ಓದಿದ್ದು ಬಿ.ಇ., ಮಾಡುವುದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಇತಿಹಾಸ ಬರೆದು ಅಭ್ಯಾಸವಿಲ್ಲ. ತಪ್ಪು ಕಂಡರೆ ಹಿರಿಯರು ತಿದ್ದಬೇಕು.

ದೂರದ ಗುಡ್ಡ

ನೇತ್ರಾಣಿ ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿದೆ. ಸುತ್ತಲೂ ಕಡಿದಾದ ಬಂಡೆ, ಮೇಲೆ ಕಾಡು, ನೀರಿನ ಅಂಚಿನಲ್ಲಿ ಗವಿಗಳು. ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಅದು ಹೃದಯದ ಆಕಾರದಲ್ಲಿ ಕಾಣುತ್ತದೆ. ಗವಿಗಳಲ್ಲಿ ಪಾರಿವಾಳಗಳು ವಾಸಿಸುವುದರಿಂದ ಬ್ರಿಟಿಷರು ತಮ್ಮ ನಕ್ಷೆಗಳಲ್ಲಿ ಅದನ್ನು ಪಿಜನ್ ಐಲ್ಯಾಂಡ್ ಎಂದು ಬರೆದುಕೊಂಡರು.

ಆ ಕಾಲದಲ್ಲಿ ಹೊರಗಿನವರು ಅಲ್ಲಿಗೆ ಹೋದದ್ದು ಹಕ್ಕಿಗಳಿಗಾಗಿ. ಪಕ್ಷಿತಜ್ಞ ಟಿ. ಸಿ. ಜೆರ್ಡಾನ್ 19ನೇ ಶತಮಾನದ ಮಧ್ಯಭಾಗದಲ್ಲಿ ಈ ದ್ವೀಪಕ್ಕೆ ಬಂದು, ಗವಿಯ ಗೋಡೆಗಳಲ್ಲಿ ಎಂಜಲು ಸೇರಿಸಿ ಗೂಡು ಕಟ್ಟುವ ಪುಟ್ಟ ಸ್ವಿಫ್ಟ್‌ಲೆಟ್ ಹಕ್ಕಿಗಳನ್ನು ಕಂಡು ದಾಖಲಿಸಿದ. ಬಿಳಿ ಹೊಟ್ಟೆಯ ಕಡಲ ಹದ್ದುಗಳೂ ಅಲ್ಲಿನ ದೊಡ್ಡ ಮರಗಳಲ್ಲಿ ಗೂಡು ಕಟ್ಟುತ್ತವೆ. ನೀರಿನ ಕೆಳಗೆ ಏನಿದೆ ಎಂದು ನೋಡುವ ಸಾಧನ ಆಗ ಯಾರ ಬಳಿಯೂ ಇರಲಿಲ್ಲ.

ನಮ್ಮ ಊರಿನವರಿಗೆ ಮಾತ್ರ ಅದು ಜಟ್ಟಿಗ ದೇವರ ಜಾಗ. ಬಲೆ ತುಂಬಲಿ, ಗಾಳಿಗೆ ಸಿಕ್ಕಿದ ದೋಣಿ ಮರಳಿ ಬರಲಿ ಎಂದು ಹರಕೆ ಹೊತ್ತವರು ಆಡನ್ನೋ ಕೋಳಿಯನ್ನೋ ದೋಣಿಯಲ್ಲಿ ಒಯ್ದು ದ್ವೀಪದಲ್ಲಿ ಜೀವಂತ ಬಿಟ್ಟು ಬರುತ್ತಿದ್ದರು. ಹೀಗೆ ಬಿಟ್ಟ ಆಡುಗಳ ಸಂತತಿ ಇಂದಿಗೂ ಆ ಬಂಡೆಗಳ ಮೇಲೆ ಮೇಯುತ್ತಿರುತ್ತದೆ. ಹಿಂದೂ ಮುಸ್ಲಿಂ ಎನ್ನದೆ ಮೀನುಗಾರರು ಅಲ್ಲಿಗೆ ಕೈಮುಗಿಯುವುದುಂಟು. ಕಡಲಿಗೆ ಇಳಿದವನ ಭಯ ಎಲ್ಲರಿಗೂ ಒಂದೇ ತಾನೆ!

ನನ್ನ ಅಜ್ಜ ಚಿಕ್ಕ ವಯಸ್ಸಿನಿಂದಲೂ ದೋಣಿಗೆ ಹೋದವರು. ಎಂಜಿನ್ ಇಲ್ಲದ ಕಾಲದಲ್ಲಿ ನೇತ್ರಾಣಿಯ ಹತ್ತಿರ ಗಾಳ ಹಾಕಬೇಕೆಂದರೆ ಬೆಳಗಿನ ಜಾವಕ್ಕೂ ಮೊದಲೇ ಹೊರಡಬೇಕಿತ್ತು. ಆ ಹೊತ್ತಿಗೆ ನೆಲದ ಕಡೆಯಿಂದ ಬೀಸುವ ಗಾಳಿಗೆ ಹಾಯಿ ಬಿಚ್ಚಿ ಹೋಗುವುದು, ಮಧ್ಯಾಹ್ನ ಕಡಲ ಗಾಳಿ ತಿರುಗಿದ ಮೇಲೆ ಅದರ ಬೆನ್ನಿಗೇ ಮರಳುವುದು. ಗಾಳಿ ಕೈಕೊಟ್ಟರೆ ಹುಟ್ಟೇ ಗತಿ. ಆದ್ದರಿಂದ ಹೋಗುತ್ತಿದ್ದವರು ಕೆಲವರು, ಹೋಗುತ್ತಿದ್ದದ್ದು ವರ್ಷದಲ್ಲಿ ಕೆಲವು ದಿನ. "ಅದು ದೇವ್ರ ಜಾಗ ತಮಾ, ಸುಮ್ನೆ ಹೋಗೂದಲ್ಲ" ಎನ್ನುತ್ತಿದ್ದರು ಅಜ್ಜ. ಈಗ ಯೋಚಿಸಿದರೆ, ದೇವರ ಭಯದ ಜೊತೆಗೆ ದೂರವೂ ಆ ದ್ವೀಪವನ್ನು ಕಾಯುತ್ತಿತ್ತು ಎನ್ನಿಸುತ್ತದೆ.

ದೂರ ಕಡಿಮೆಯಾದ ಬಗೆ

ನಮ್ಮ ಶಾಲೆ ಶುರುವಾದ ಹೊತ್ತಿಗೇ ಕರಾವಳಿಯ ಮೀನುಗಾರಿಕೆಯೂ ಮಗ್ಗುಲು ಬದಲಿಸಿತು. ಅಲ್ಲಿಯವರೆಗೆ ಊರಿಗೆ ಊರೇ ಸೇರಿ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆಯೇ ಮುಖ್ಯವಾಗಿತ್ತು. 1970ರ ದಶಕದ ನಡುವೆ ಕರ್ನಾಟಕದ ಕಡಲಿಗೆ ಪರ್ಸೀನ್ ಬೋಟುಗಳು ಬಂದವು. ಬಂಗಡೆ, ತಾರ್ಲೆಯ ಹಿಂಡು ದಡಕ್ಕೆ ಬರುವ ಮೊದಲೇ ಅವು ಸುತ್ತುವರಿದು ಹಿಡಿಯತೊಡಗಿದವು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಮುಂದೆ ಸಣ್ಣ ದೋಣಿಗಳಿಗೂ ಎಂಜಿನ್ ಬಂತು. ಅಜ್ಜನ ಕಾಲದಲ್ಲಿ ಇಡೀ ದಿನ ತಿನ್ನುತ್ತಿದ್ದ ನೇತ್ರಾಣಿ ಈಗ ಒಂದೂವರೆ ಗಂಟೆಯ ದಾರಿ.

ಇನ್ನೊಂದು ಕಡೆಯಿಂದ ನೌಕಾಪಡೆಯ ಕಣ್ಣೂ ದ್ವೀಪದ ಮೇಲೆ ಬಿತ್ತು. ಜನವಸತಿ ಇಲ್ಲದ ಬಂಡೆಯೆಂದು ಅದನ್ನು ಗುರಿ ಹೊಡೆಯುವ ಅಭ್ಯಾಸಕ್ಕೆ ಬಳಸಲಾಯಿತು. ಜನ ಇಲ್ಲದಿದ್ದರೇನು, ಹಕ್ಕಿಗಳಿವೆ, ಹವಳವಿದೆ ಎಂದು ಪರಿಸರ ಕಾರ್ಯಕರ್ತರು ದನಿಯೆತ್ತಿದರು. ವಿಷಯ ಹೈಕೋರ್ಟಿನವರೆಗೂ ಹೋಯಿತು. ನೇತ್ರಾಣಿಯ ಹೆಸರು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದದ್ದು ಆಗ.

ದಡದಲ್ಲಿಯೂ ದಾರಿಗಳು ತೆರೆದವು. 1998ರ ಜನವರಿಯಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣಗೊಂಡು ಮುಂಬಯಿ, ಗೋವಾ, ಮಂಗಳೂರು ಒಂದೇ ಹಳಿಗೆ ಬಂದವು. ಮುರುಡೇಶ್ವರದ ಕಂದುಕಗಿರಿಯ ಮೇಲೆ 123 ಅಡಿ ಎತ್ತರದ ಶಿವನ ಮೂರ್ತಿ ಎದ್ದು ನಿಂತಿತು. 2008ರಲ್ಲಿ 20 ಅಂತಸ್ತಿನ ರಾಜಗೋಪುರ ಉದ್ಘಾಟನೆಯಾಯಿತು. ಮೀನುಗಾರರ ಊರು ಯಾತ್ರಿಕರ ಊರಾಯಿತು, ಯಾತ್ರಿಕರ ಹಿಂದೆಯೇ ಪ್ರವಾಸಿಗರು ಬಂದರು.

ನೀರಿನೊಳಗಿನ ನೇತ್ರಾಣಿ

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನೊಳಗೆ ಉಸಿರಾಡುವ ಆಕ್ವಾಲಂಗ್ ಸಾಧನವನ್ನು ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾನ್ ರೂಪಿಸಿದ್ದು 1943ರಲ್ಲಿ. ಅದು ನಮ್ಮ ಕಡಲಿಗೆ ಬರಲು ಅರ್ಧ ಶತಮಾನಕ್ಕೂ ಹೆಚ್ಚು ಬೇಕಾಯಿತು. ತಂದವರು ಗೋವಾದ ಡೈವಿಂಗ್ ಕೇಂದ್ರದವರು. ನಾನು ಹೈಸ್ಕೂಲಿನಲ್ಲಿದ್ದ ವರ್ಷಗಳಲ್ಲಿ, ಅಂದರೆ 2000ದ ದಶಕದ ಮೊದಲ ಭಾಗದಲ್ಲಿ, ಸಿಲಿಂಡರ್ ಹೇರಿಕೊಂಡ ಜೀಪುಗಳು ಬರುತ್ತಿದ್ದವು. ನಾವು ಹುಡುಗರು ಅವು ಗ್ಯಾಸ್ ಸಿಲಿಂಡರ್ ಎಂದೇ ತಿಳಿದಿದ್ದೆವು.

ಗೋವಾದವರು ಕಡಲನ್ನು ಹುಡುಕಿಕೊಂಡು ಇಲ್ಲಿಗೆ ಬಂದದ್ದೇಕೆ? ಕಾರಣ ನೀರಿನ ತಿಳಿ. ದಡದ ಬಳಿ ನದಿಗಳು ತರುವ ಮಣ್ಣು, ಅಲೆ ಕದಡುವ ರೇವೆಯಿಂದ ನೀರು ಮಬ್ಬಾಗಿರುತ್ತದೆ. ನೇತ್ರಾಣಿ ನದಿಮುಖಗಳಿಂದ ದೂರ, ಆಳ ನೀರಿನ ನಡುವೆ ಇದೆ. ಒಳ್ಳೆಯ ದಿನಗಳಲ್ಲಿ ಅಲ್ಲಿ ಹದಿನೈದು ಇಪ್ಪತ್ತು ಮೀಟರ್‌ವರೆಗೂ ನೋಟ ಹರಿಯುತ್ತದೆ. ಬೆಳಕು ಆಳಕ್ಕೆ ಇಳಿಯುವುದರಿಂದಲೇ ಅಲ್ಲಿನ ಬಂಡೆಗಳ ಮೇಲೆ ಹವಳ ಬೆಳೆದಿದೆ. ಹವಳ ಇರುವುದರಿಂದ ಬಣ್ಣದ ಮೀನು, ಅವನ್ನು ತಿನ್ನುವ ದೊಡ್ಡ ಮೀನು, ಆಮೆ, ಒಮ್ಮೊಮ್ಮೆ ತಿಮಿಂಗಿಲ ಶಾರ್ಕ್ ಕೂಡ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇಲ್ಲಿನ ಹವಳ ಮತ್ತು ಮೀನುಗಳನ್ನು ಅಧ್ಯಯನ ಮಾಡಿ 2008ರಲ್ಲಿ ಪಟ್ಟಿ ಪ್ರಕಟಿಸಿದರು.

ಮೊದಲು ಬರುತ್ತಿದ್ದವರು ತರಬೇತಿ ಪಡೆದ ಡೈವರ್‌ಗಳು, ಅವರಲ್ಲಿಯೂ ಬಹುಪಾಲು ಹೊರನಾಡಿನವರು. ನಂತರ ಮುರುಡೇಶ್ವರದಲ್ಲಿಯೇ ಕೇಂದ್ರಗಳು ತೆರೆದವು. ಈಜು ಬಾರದವರನ್ನೂ ಕೈಹಿಡಿದು ಕೆಲವು ಮೀಟರ್ ಆಳಕ್ಕೆ ಇಳಿಸಿ, ಫೋಟೊ, ವಿಡಿಯೊ ತೆಗೆದುಕೊಡುವ ಪದ್ಧತಿ ಬಂತು. ವಾರದ ಕೊನೆಗೆ ಬೆಂಗಳೂರು, ಹುಬ್ಬಳ್ಳಿಗಳಿಂದ ಬರುವವರ ಸಾಲು ಬೆಳೆಯಿತು. ಪುನೀತ್ ರಾಜ್‌ಕುಮಾರ್ ಅವರು ಈ ನೀರಿಗಿಳಿದ ದೃಶ್ಯಗಳು 2022ರ ಅಕ್ಟೋಬರ್‌ನಲ್ಲಿ ತೆರೆಕಂಡ 'ಗಂಧದ ಗುಡಿ'ಯಲ್ಲಿ ಬಂದ ಮೇಲಂತೂ ನೇತ್ರಾಣಿಯ ಹೆಸರು ಕೇಳದ ಕನ್ನಡಿಗರಿಲ್ಲ.

ಅಜ್ಜ ಕೇಳಿದ ಪ್ರಶ್ನೆ

ನಾನು ಮೊದಲ ಸಲ ನೇತ್ರಾಣಿಗೆ ಹೋದದ್ದು 2017ರಲ್ಲಿ, ಆಫೀಸಿನ ಗೆಳೆಯರ ಜೊತೆ, ದುಡ್ಡು ಕೊಟ್ಟು! ಹುಟ್ಟಿದಾಗಿನಿಂದ ಕಣ್ಣೆದುರಿಗೇ ಇದ್ದ ಗುಡ್ಡಕ್ಕೆ ಬೆಂಗಳೂರಿನಿಂದ ಪ್ರವಾಸಿಗನಾಗಿ ಬಂದೆ. ಬೋಟು ನಡೆಸುತ್ತಿದ್ದವನು ಇದೇ ಶಾಲೆಯಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಸಹಪಾಠಿ. "ನೀ ಇಳೀಲಿಲ್ವನಾ ಒಂದ್ಸಲನೂ?" ಎಂದು ಕೇಳಿದೆ. "ನಂಗೆ ಬೋಟು ಬಿಡೂಕೆ ದುಡ್ಡು ಕೊಡ್ತ್ರು ಮಾರಾಯ, ಇಳೀಲಿಕ್ಕೆ ನಾನೇ ಕೊಡ್ಬೇಕು" ಎಂದು ನಕ್ಕ. ನನಗೆ ನಗು ಬರಲಿಲ್ಲ.

ನೀರಿಗಿಳಿದೆ. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ ಎಂದು ವಿಜ್ಞಾನದ ಮೇಷ್ಟ್ರು ಕಪ್ಪುಹಲಗೆಯ ಮೇಲೆ ಬರೆದದ್ದು ಕಿವಿ ನೋಯತೊಡಗಿದಾಗ ನೆನಪಾಯಿತು. ಮೂಗು ಹಿಡಿದು ಊದಿ ಕಿವಿ ಬಿಡಿಸಿಕೊಂಡು ಕೆಳಗೆ ನೋಡಿದರೆ ಹಳದಿ, ನೀಲಿ ಮೀನುಗಳ ಹಿಂಡು. ಇಷ್ಟು ಚೆಂದದ ಲೋಕ ನಮ್ಮೂರಿನದು ಎಂದು ಎದೆ ತುಂಬಿ ಬಂತು.

ಸಂಜೆ ಮನೆಗೆ ಬಂದು ವಿಡಿಯೊವನ್ನು ಅಜ್ಜನಿಗೆ ತೋರಿಸಿದೆ. ಅಜ್ಜನಿಗೆ ಆಗ ಕಣ್ಣು ಸ್ವಲ್ಪ ಮಂದವಾಗಿತ್ತು. ಫೋನನ್ನು ಮೂಗಿನ ಹತ್ತಿರ ಹಿಡಿದು ಎರಡು ಸಲ ನೋಡಿದರು. ಬಂಡೆಯ ಆಕಾರ ನೋಡಿ, ಇದು ದ್ವೀಪದ ಯಾವ ಮಗ್ಗುಲು ಎಂದು ಹೇಳಿದರು. ಜೀವನದಲ್ಲಿ ಒಮ್ಮೆಯೂ ಆ ನೀರಿನೊಳಗೆ ಕಣ್ಣು ಬಿಟ್ಟವರಲ್ಲ; ಸೀಸದ ಗುಂಡು ಕಟ್ಟಿದ ಹಗ್ಗ ಇಳಿಸಿ, ಎಷ್ಟು ಮಾರು ಹೋಯಿತು, ತಳಕ್ಕೆ ಹೇಗೆ ತಾಗಿತು ಎಂಬುದರಿಂದಲೇ ಬಂಡೆಗಳ ಮೇಲು ಕೆಳಗನ್ನು ತಿಳಿದವರು. ನೋಡಿ ಮುಗಿಸಿ ಕೇಳಿದರು, "ಎಲ್ಲ ಸಣ್ಣ ಮೀನೇ ಆಯ್ತಲೋ ತಮಾ. ದೊಡ್ಡ ಮುರು ಎಲ್ಲಿ?"

ಅವರ ಪ್ರಾಯದಲ್ಲಿ ಆ ಬಂಡೆಗಳ ಸಂದಿಯಿಂದ ಒಬ್ಬ ಆಳು ಒಬ್ಬನೇ ಎತ್ತಲಾಗದಂಥ ಮುರು ಮೀನು ಗಾಳಕ್ಕೆ ಬೀಳುತ್ತಿತ್ತಂತೆ. ನಾನು ಕಂಡದ್ದು ನನಗೆ ಪೂರ್ಣವಾಗಿತ್ತು, ಅವರಿಗೆ ಅದು ಅರ್ಧ ಖಾಲಿಯಾದ ಮನೆ. ನಾಳೆ ನನ್ನ ಮಗಳು ಅಲ್ಲಿಗೆ ಇಳಿದರೆ, ಆಗ ಎಷ್ಟು ಉಳಿದಿರುತ್ತದೋ ಅದೇ ಅವಳಿಗೆ ಪೂರ್ಣ. ಕಳೆದುಕೊಂಡದ್ದು ಗೊತ್ತಾಗಬೇಕಾದರೆ ಮೊದಲು ಏನಿತ್ತು ಎಂದು ಹೇಳುವವರು ಬೇಕು. ಎರಡು ವರ್ಷದ ನಂತರ ಅಜ್ಜ ತೀರಿಕೊಂಡರು. ಅವರು ಅಳೆದ ಬಂಡೆಗಳ ಲೆಕ್ಕ ಎಲ್ಲಿಯೂ ಬರೆದಿರಲಿಲ್ಲ. ಪಕ್ಕದಲ್ಲೇ ಕುಳಿತಿದ್ದ ನಾನೂ ಬರೆದುಕೊಳ್ಳಲಿಲ್ಲ.

ಇನ್ನು ಕಾಯುವವರು ಯಾರು?

ಸ್ಕೂಬಾದಿಂದ ಊರಿಗೆ ಒಳ್ಳೆಯದೇ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೀನು ಸಿಗದ ವರ್ಷಗಳಲ್ಲಿ ಬೋಟಿನವರಿಗೆ ಅದು ಕೈಹಿಡಿದಿದೆ. ಹೋಟೆಲು, ವಸತಿ, ರಿಕ್ಷಾ ಎಲ್ಲಕ್ಕೂ ವ್ಯಾಪಾರವಾಗಿದೆ. ನಮ್ಮ ಕರಾವಳಿಯ ಕೆಲವು ಹುಡುಗರು ತರಬೇತಿ ಪಡೆದು ಡೈವಿಂಗ್ ಕಲಿಸುವವರೂ ಆಗಿದ್ದಾರೆ. ಬಂದವರು ದ್ವೀಪ ಹತ್ತುವಂತಿಲ್ಲ, ಏನನ್ನೂ ಮುಟ್ಟುವಂತಿಲ್ಲ ಎಂಬ ನಿಯಮವನ್ನು ಶ್ರದ್ಧೆಯಿಂದ ಪಾಲಿಸುವ ಬೋಟಿನವರನ್ನು ನಾನೇ ಕಂಡಿದ್ದೇನೆ.

ಆದರೆ ಹವಳ ನಿಧಾನ ಬೆಳೆಯುವ ಜೀವಿ. ಅವಸರದಲ್ಲಿ ಎಸೆದ ಒಂದು ಲಂಗರು ಹತ್ತಾರು ವರ್ಷದ ಬೆಳವಣಿಗೆಯನ್ನು ಕ್ಷಣದಲ್ಲಿ ಮುರಿಯಬಲ್ಲದು. ಬಂಡೆಗೆ ಸಿಕ್ಕಿ ಹರಿದುಹೋದ ನೈಲಾನ್ ಬಲೆ ನೀರಿನಲ್ಲಿ ಕೊಳೆಯದೆ ವರ್ಷಗಟ್ಟಲೆ ಮೀನು, ಆಮೆಗಳನ್ನು ಕೊಲ್ಲುತ್ತಲೇ ಇರುತ್ತದೆ. ಇವೆರಡಕ್ಕಿಂತ ದೊಡ್ಡದು ಕಡಲಿನ ಬಿಸಿ. ನೀರು ಹೆಚ್ಚು ದಿನ ಬಿಸಿಯಾದರೆ ಹವಳವು ತನ್ನೊಳಗೆ ಸಾಕಿಕೊಂಡ, ತನಗೆ ಅನ್ನ ಕೊಡುವ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. 1998, 2010, 2016 ಮತ್ತು 2024ರಲ್ಲಿ ಜಗತ್ತಿನ ಅನೇಕ ಕಡಲುಗಳಲ್ಲಿ ಹೀಗಾಯಿತು. ಕಾನೂನು ತನ್ನ ಕೆಲಸ ಮಾಡಿದೆ: 2001ರಲ್ಲಿಯೇ ಹವಳಗಳನ್ನೂ ತಿಮಿಂಗಿಲ ಶಾರ್ಕನ್ನೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಗೆ ಸೇರಿಸಿ, ಹುಲಿಗೆ ಇರುವ ರಕ್ಷಣೆಯನ್ನೇ ಕೊಡಲಾಗಿದೆ. ಆದರೆ ಪಟ್ಟಿ ದೆಹಲಿಯಲ್ಲಿದೆ, ಹವಳ ಇಲ್ಲಿದೆ. ಹಿಂದೆ ದೂರ ಕಾಯುತ್ತಿತ್ತು, ಹರಕೆ ಕಾಯುತ್ತಿತ್ತು. ಈಗ ದೂರವೂ ಇಲ್ಲ, ಬರುವವರಿಗೆ ಹರಕೆಯೂ ಇಲ್ಲ. ಉಳಿದವರು ನಾವು.

ಅದಕ್ಕಾಗಿ ಹಳೆಯ ವಿದ್ಯಾರ್ಥಿಗಳ ಮುಂದೆ ಎರಡು ವಿನಂತಿ ಇಡುತ್ತೇನೆ. ಒಂದು, ನಮ್ಮ ಶಾಲೆಯಲ್ಲಿ ಒಂದು ಕಡಲ ದಾಖಲೆ ಪುಸ್ತಕ ಶುರುವಾಗಲಿ. ಎಂಟು, ಒಂಬತ್ತನೇ ತರಗತಿಯ ಮಕ್ಕಳು ತಮ್ಮ ಅಜ್ಜ ಅಜ್ಜಿಯರನ್ನು, ಬೋಟಿನವರನ್ನು, ಡೈವಿಂಗ್ ಕಲಿಸುವವರನ್ನು ಕೇಳಿ, ಯಾವ ಮೀನು ಯಾವ ವರ್ಷದವರೆಗೆ ಎಲ್ಲಿ ಸಿಗುತ್ತಿತ್ತು, ಈಗ ಏನು ಕಾಣುತ್ತಿದೆ ಎಂದು ಹೆಸರು, ದಿನಾಂಕ ಸಮೇತ ಬರೆಯಲಿ. ಅದನ್ನು ಕಂಪ್ಯೂಟರಿಗೆ ಏರಿಸಿ ಜೋಪಾನ ಮಾಡುವ ಕೆಲಸ ನನ್ನದು. ಇನ್ನೊಂದು, ನಮ್ಮ ಮಕ್ಕಳಿಗೆ ಈಜು ಕಲಿಸೋಣ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಆ ದಿನವನ್ನು ಈ ಊರು ಮರೆಯಲಾರದು. ಕಡಲ ಮಗ್ಗುಲಲ್ಲೇ ಬೆಳೆದ ನಮ್ಮ ಮಕ್ಕಳಲ್ಲಿಯೂ ಎಷ್ಟೋ ಜನರಿಗೆ ಈಜು ಬರುವುದಿಲ್ಲ. ನನಗೂ ಬರುತ್ತಿರಲಿಲ್ಲ, ಬೆಂಗಳೂರಿನ ಈಜುಕೊಳದಲ್ಲಿ ಕಲಿಯಬೇಕಾಯಿತು.

ಶತಮಾನೋತ್ಸವದ ಸಂಚಿಕೆಗೆ ನೇತ್ರಾಣಿಯ ಬಗ್ಗೆ ಬರೆಯುವ ವಿದ್ಯಾರ್ಥಿ ನನ್ನಂತೆ ನೆನಪನ್ನು ತಡಕಾಡಬೇಕಾಗಿ ಬರದಿರಲಿ. ಅವನೋ ಅವಳೋ ಶಾಲೆಯ ಕಪಾಟಿನಿಂದ ಆ ಪುಸ್ತಕ ತೆಗೆದು, 2025ರಲ್ಲಿ ಇಲ್ಲಿ ಇಷ್ಟಿತ್ತು ಎಂದು ಓದಿ ಹೇಳುವಂತಾಗಲಿ.