ಬಂಡುಕೋರನೋ, ಯುದ್ಧಕೈದಿಯೋ?

ಸೆರೆ ಸಿಕ್ಕ ಸೈನಿಕನನ್ನು ಏನೆಂದು ಕರೆಯಬೇಕು? ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಇದು ಬರೀ ಮಾತಿನ ಜಗಳವಾಗಿರಲಿಲ್ಲ. ಸಾವಿರಾರು ಜನರ ಅನ್ನ, ನೀರು, ಪ್ರಾಣ ಆ ಒಂದು ಪದವನ್ನು ಅವಲಂಬಿಸಿದ್ದವು.

1775ರ ಆಗಸ್ಟ್‌ನಲ್ಲಿ ಜಾರ್ಜ್ ವಾಷಿಂಗ್ಟನ್ ಬ್ರಿಟಿಷ್ ಸೇನಾಪತಿ ಥಾಮಸ್ ಗೇಜ್‌ಗೆ ಪತ್ರ ಬರೆದು, ಸೆರೆಯಾದ ತಮ್ಮ ಅಧಿಕಾರಿಗಳನ್ನು ಕಳ್ಳಕಾಕರ ಜೈಲಿಗೆ ತಳ್ಳಲಾಗಿದೆ ಎಂದು ಆಕ್ಷೇಪಿಸಿದರು. ಗೇಜ್ ಉತ್ತರ ಖಡಾಖಂಡಿತವಾಗಿತ್ತು: ಕಾನೂನಿನ ಪ್ರಕಾರ ಇವರೆಲ್ಲ ನೇಣಿಗೆ ಅರ್ಹರು, ದೊರೆ ಕೊಡದ ಪದವಿಗೆ ಮನ್ನಣೆ ಇಲ್ಲ.

ಬ್ರಿಟನ್ನಿನದು ಇಕ್ಕಟ್ಟಿನ ಸ್ಥಿತಿ. ಯುದ್ಧಕೈದಿಗಳೆಂದು ಒಪ್ಪಿದರೆ ಅಮೆರಿಕ ಬೇರೆ ದೇಶವೆಂದು ಒಪ್ಪಿದಂತೆ. ರಾಜದ್ರೋಹಿಗಳೆಂದು ಗಲ್ಲಿಗೇರಿಸಿದರೆ ಎದುರಾಳಿಯ ಕೈಯಲ್ಲಿದ್ದ ಬ್ರಿಟಿಷ್ ಸೈನಿಕರಿಗೂ ಅದೇ ಗತಿ. ಹಾಗಾಗಿ 1777ರಲ್ಲಿ ಪಾರ್ಲಿಮೆಂಟು, ವಿಚಾರಣೆಯಿಲ್ಲದೆ ಅವರನ್ನು ಸೆರೆಯಲ್ಲಿಡಲು ಕಾನೂನು ಮಾಡಿತು. ದ್ರೋಹಿಗೆ ಸಿಗುವ ವಿಚಾರಣೆಯೂ ಇಲ್ಲ, ಯುದ್ಧಕೈದಿಗೆ ಸಲ್ಲುವ ಗೌರವವೂ ಇಲ್ಲ.

ಅದರ ಫಲ ಕಂಡದ್ದು ನ್ಯೂಯಾರ್ಕಿನಲ್ಲಿ. 1776ರ ನವೆಂಬರ್‌ನಲ್ಲಿ ವಾಷಿಂಗ್ಟನ್ ಕೋಟೆ ಬಿದ್ದಾಗ ಸುಮಾರು 2,800 ಮಂದಿ ಸೆರೆಯಾದರು. ಚರ್ಚುಗಳು, ಸಕ್ಕರೆ ಗೋದಾಮುಗಳು ಸೆರೆಮನೆಗಳಾದವು. ಬ್ರೂಕ್ಲಿನ್ ದಡದಲ್ಲಿ ನಿಲ್ಲಿಸಿದ್ದ 'ಜೆರ್ಸಿ'ಯಂಥ ಹಳೆಯ ಹಡಗುಗಳಲ್ಲಿ ಹಸಿವು, ಸಿಡುಬು, ವಿಷಮಜ್ವರಗಳಿಗೆ ಕೈದಿಗಳು ಬಲಿಯಾದರು. ಸೆರೆಹಡಗುಗಳಲ್ಲಿ ಸತ್ತವರು 11,000 ಎಂಬುದು ಹಳೆಯ ಅಂದಾಜು. ಸಂಖ್ಯೆಯ ಬಗ್ಗೆ ಚರ್ಚೆ ಇದ್ದರೂ, ರಣರಂಗಕ್ಕಿಂತ ಸೆರೆಯಲ್ಲೇ ಹೆಚ್ಚು ಅಮೆರಿಕನ್ನರು ಸತ್ತರೆಂಬುದು ಅನೇಕ ಇತಿಹಾಸಕಾರರ ಅಭಿಪ್ರಾಯ.

ಅಮೆರಿಕದ ಕೈಗಳೂ ಪೂರ್ತಿ ಶುಭ್ರವಾಗಿರಲಿಲ್ಲ. 1777ರಲ್ಲಿ ಸರಟೋಗಾದಲ್ಲಿ ಶರಣಾದ ಸುಮಾರು 5,800 ಸೈನಿಕರಿಗೆ ಸ್ವದೇಶಕ್ಕೆ ಮರಳುವ ಭರವಸೆ ಸಿಕ್ಕಿತ್ತು. ಕಾಂಗ್ರೆಸ್ ನೆಪಗಳನ್ನೊಡ್ಡಿ ಅವರನ್ನು ತಡೆಹಿಡಿಯಿತು. 1782ರಲ್ಲಿ ಬ್ರಿಟಿಷ್ ಪರ ಗುಂಪೊಂದು ಜೋಶುವಾ ಹಡ್ಡಿ ಎಂಬ ಕ್ಯಾಪ್ಟನ್‌ನನ್ನು ನೇಣಿಗೆ ಹಾಕಿತು. ಅದಕ್ಕೆ ಪ್ರತೀಕಾರವಾಗಿ ಬ್ರಿಟಿಷ್ ಕೈದಿಯೊಬ್ಬನನ್ನು ಕೊಲ್ಲಲು ವಾಷಿಂಗ್ಟನ್ ನಿರ್ಧರಿಸಿದರು. ಚೀಟಿ ಎತ್ತಿದಾಗ ಬಂದ ಹೆಸರು ತರುಣ ಚಾರ್ಲ್ಸ್ ಆಸ್ಗಿಲ್‌ನದು. ಶರಣಾಗತಿಯ ಒಪ್ಪಂದದ ರಕ್ಷಣೆ ಅವನಿಗಿತ್ತು! ತಾಯಿಯ ಮೊರೆ ಫ್ರಾನ್ಸಿನ ಅರಮನೆ ಮುಟ್ಟಿತು. ಫ್ರಾನ್ಸ್ ಮಧ್ಯೆ ಬಂದ ಮೇಲೆ ನವೆಂಬರ್‌ನಲ್ಲಿ ಕಾಂಗ್ರೆಸ್ ಅವನನ್ನು ಬಿಟ್ಟಿತು.

ಅದೇ 1782ರ ಮಾರ್ಚ್‌ನಲ್ಲಿ, ಯುದ್ಧ ಸೋತಂತಾದ ಮೇಲೆ, ಬ್ರಿಟಿಷ್ ಪಾರ್ಲಿಮೆಂಟು ಅಮೆರಿಕನ್ ಕೈದಿಗಳನ್ನು ಯುದ್ಧಕೈದಿಗಳೆಂದು ಪರಿಗಣಿಸಲು ದಾರಿ ಮಾಡಿತು. 1785ರಲ್ಲಿ ಅಮೆರಿಕ ಮತ್ತು ಪ್ರಷ್ಯಾ ಮಾಡಿಕೊಂಡ ಒಪ್ಪಂದದಲ್ಲಿ ಕೈದಿಗಳನ್ನು ಸೆರೆಹಡಗಿಗೆ ತಳ್ಳಬಾರದು, ಕೋಳ ತೊಡಿಸಬಾರದು ಎಂಬ ಷರತ್ತು ಸೇರಿತು. 'ಜೆರ್ಸಿ'ಯಲ್ಲಿ ಸತ್ತವರಿಗೆ ಆ ಮಾತು ತಡವಾಗಿ ಬಂತು. ಆದರೆ ಸೋತವನಿಗೂ ಹಕ್ಕುಂಟು ಎಂಬ ತತ್ವ ಕಾಗದದ ಮೇಲೆ ಮೂಡಿದ್ದು ಅಂಥವರ ಸಾವಿನ ನಂತರವೇ.