ಸಂಘದ ನೌಕರನೂ ನಮ್ಮವನೇ



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘವು 25 ವರ್ಷ ಪೂರೈಸಿ ರಜತ ಮಹೋತ್ಸವ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಹಾಲು, ಲಾಭ, ಕಟ್ಟಡಗಳ ಬಗ್ಗೆ ಬರೆಯುವವರು ಅನೇಕರಿದ್ದಾರೆ. ನಾವು ಮಾತ್ರ ನೌಕರರ ಬಗ್ಗೆ ಎರಡು ಮಾತು ಹೇಳಬೇಕೆಂದಿದ್ದೇವೆ.

ಕಾರ್ತಿಕ ಮಾಸದ ಕಡೇ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಮೂಟೆ ಹಾಕ್ಕೊಂಡು ಹೋಗೋದು ನಮ್ಮ ಕಡೆ ಹಿಂದಿನಿಂದ ಬಂದ ವಾಡಿಕೆ. ವ್ಯಾಪಾರ ಮುಗಿಸಿ ಗಾಂಧಿಬಜಾರಿನ ವಿದ್ಯಾರ್ಥಿ ಭವನದಲ್ಲಿ ದೋಸೆ ತಿಂದು ಬರುತ್ತೇವೆ. 1943ರಲ್ಲಿ ಆರಂಭವಾದ ಆ ಹೋಟೆಲಿನಲ್ಲಿ ಒಂದೇ ಕೈಯಲ್ಲಿ ಹತ್ತಾರು ತಟ್ಟೆ ಜೋಡಿಸಿಕೊಂಡು ಬರುವ ಸಪ್ಲೈಯರನ್ನು ಬೆರಗಾಗಿ ನೋಡಿದ್ದೇವೆ. ಆದರೆ ತಟ್ಟೆ ನೋಡಿದೆವೇ ಹೊರತು ‘ನಿಮ್ಮೂರು ಯಾವುದಪ್ಪ, ಊಟ ಆಯ್ತಾ’ ಎಂದು ಕೇಳಿದವರಲ್ಲ.

ಅಂಥ ಕೆಲಸಗಾರರೇ ಸೇರಿ ಸಹಕಾರ ಸಂಘ ಕಟ್ಟಿದ ಇತಿಹಾಸ ಇದೇ ಬೆಂಗಳೂರಿನಲ್ಲಿದೆ. ಜನ ಕಾಫಿ ಕುಡಿಯುವುದನ್ನು ಹೆಚ್ಚಿಸಲೆಂದು 1930ರ ದಶಕದಲ್ಲಿ ಇಂಡಿಯಾ ಕಾಫಿ ಹೌಸುಗಳು ಶುರುವಾದವು. ಮುಂದೆ ಅವುಗಳನ್ನು ಕಾಫಿ ಮಂಡಳಿ ನಡೆಸಿತು. 1950ರ ದಶಕದ ನಡುವೆ ಮಂಡಳಿಯು ಅವುಗಳನ್ನು ಮುಚ್ಚಲು ಹೊರಟಾಗ ಕೆಲಸಗಾರರ ಹೊಟ್ಟೆಪಾಡಿಗೇ ಕುತ್ತು ಬಂತು. ಕೇರಳದ ಕಾರ್ಮಿಕ ಮುಖಂಡ ಎ.ಕೆ. ಗೋಪಾಲನ್‌ ಅವರು ‘ನೀವೇ ನಡೆಸಿ’ ಎಂಬ ದಾರಿ ತೋರಿಸಿದರು. 1957ರ ಆಗಸ್ಟ್‌ 19ರಂದು ಬೆಂಗಳೂರಿನಲ್ಲಿ ಕಾಫಿ ಕೆಲಸಗಾರರ ಮೊದಲ ಸಹಕಾರ ಸಂಘ ಸ್ಥಾಪನೆಯಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ದೆಹಲಿಯವರೂ, ಮರುವರ್ಷ ಕೇರಳದವರೂ ಇದೇ ಹಾದಿ ಹಿಡಿದರು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿದ್ದ ಕಾಫಿ ಹೌಸ್‌ 2009ರಲ್ಲಿ ಜಾಗ ಬಿಡಬೇಕಾಗಿ ಬಂದಾಗಲೂ ಬಾಗಿಲು ಹಾಕಲಿಲ್ಲ, ಚರ್ಚ್‌ ಸ್ಟ್ರೀಟಿಗೆ ಹೋಯಿತು.

ಕಾಫಿ ಲೋಟ ಹಿಡಿಯುವ ಕೈಗೆ ಲೆಕ್ಕದ ಪುಸ್ತಕ ಹಿಡಿಯುವ ಬುದ್ಧಿಯೂ ಇದೆ ಎಂಬುದನ್ನು ಅವರು ತೋರಿಸಿಕೊಟ್ಟರು. ಸಂಬಳಕ್ಕೆ ದುಡಿಯುವವನೂ ಮನುಷ್ಯ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ನಮ್ಮ ಸಂಘದಲ್ಲಿ ನಾವೇನು ಮಾಡಿದೆವು? ಒಪ್ಪಿಕೊಳ್ಳಲು ನಾಚಿಕೆಯಾದರೂ ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಹಾಲು ಪರೀಕ್ಷಕನ ತಂದೆ ಬೆಳಗಿನ ಜಾವ ತೀರಿಕೊಂಡರು. ಹುಡುಗ ಬಂದು ಡೇರಿ ಬಾಗಿಲು ತೆಗೆದು, ಎಲ್ಲರ ಹಾಲೂ ಅಳೆದು, ಕ್ಯಾನು ಲಾರಿಗೆ ಹತ್ತಿಸಿ, ಆಮೇಲೆ ಮನೆಗೆ ಹೋದ. ಅವನು ಬಾಯಿಬಿಟ್ಟು ಹೇಳಲಿಲ್ಲ, ನಾವು ಮುಖ ನೋಡಲಿಲ್ಲ. ಅವತ್ತೂ ಒಬ್ಬರು ‘ಫ್ಯಾಟು ಕಮ್ಮಿ ಬರೆದೆ’ ಅಂತ ಬೈದಿದ್ದರು. ಮಣ್ಣಿಗೆ ಹೋದಾಗ ನಮ್ಮ ಪೈಕಿಯೇ ಒಬ್ಬರು ‘ಸಾಯಂಕಾಲದ ಹಾಲಿಗೆ ಯಾರು?’ ಎಂದು ಅವನನ್ನೇ ಕೇಳಿಬಿಟ್ಟರು. ಹಸು ಕರುವಿಗೆ ಜ್ವರ ಬಂದರೆ ರಾತ್ರಿಯೆಲ್ಲಾ ಎದ್ದಿರುವ ನಾವು, ಅವನಿಗೆ ವರ್ಷದಲ್ಲಿ ಒಂದು ದಿನವೂ ರಜೆ ಇಲ್ಲವೆಂಬುದನ್ನು ಯೋಚಿಸಿರಲೇ ಇಲ್ಲ.

ಆ ತಿಂಗಳ ಆಡಳಿತ ಮಂಡಳಿ ಸಭೆಯಲ್ಲಿ ಇದೇ ಮೊದಲ ವಿಷಯವಾಯಿತು. ಇನ್ನೊಬ್ಬ ಹುಡುಗನಿಗೆ ಹಾಲು ಪರೀಕ್ಷೆ ಕಲಿಸಿ, ವಾರಕ್ಕೊಂದು ದಿನ ಸರದಿ ರಜೆ ಕೊಡಲು ತೀರ್ಮಾನಿಸಿದೆವು. ‘ಖರ್ಚು ಜಾಸ್ತಿ’ ಎಂದವರೂ ಇದ್ದರು. ಖರ್ಚು ಬಂದದ್ದು ನಿಜ. ಆದರೆ ಅದರಿಂದ ಸಂಘವೇನೂ ಮುಳುಗಲಿಲ್ಲ.

ಡೇರಿಗೆ ಹಾಲು ತರುವ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೇ: ನಾಳೆ ಬೆಳಿಗ್ಗೆ ಕ್ಯಾನು ಇಳಿಸುವಾಗ ಆ ಹುಡುಗರನ್ನು ಹೆಸರು ಹಿಡಿದು ಮಾತಾಡಿಸಿ. ಡಿಗ್ರಿ ಆಮೇಲೆ ಕೇಳೋಣ.

ಜೈ ಸಹಕಾರ.